ಹಳೇ ಮನೆಯ ಹಂಡೆ, ಬೀಟೆ ಮೇಜು, ಪಟ, ಬೆಳ್ಳಿ ರೂಪಾಯಿ: ಯಾವುದನ್ನು ಯಾರಿಗೆ ಮಾರುವುದು?

ತೊಟ್ಟಿಮನೆ:

ಮೈಸೂರಿನ ಹಳೇ ಅಗ್ರಹಾರದ ಮನೆ ಕ್ರಯಕ್ಕೆ ಹೋಗಿದೆ. ಹತ್ತು ವಾರದಲ್ಲಿ ಬೀಗದ ಕೈ ಕೊಡಬೇಕು. ಹೋಗುತ್ತಿರುವುದು ಎರಡು ಕೋಣೆಯ ಫ್ಲ್ಯಾಟಿಗೆ, ಅಟ್ಟವಿಲ್ಲ, ಉಗ್ರಾಣವಿಲ್ಲ.

ಸಾಮಾನು ಹೀಗಿದೆ: ತಾಮ್ರದ ಹಂಡೆ ಎರಡು. ಕೊಳಗ, ತಪ್ಪಲೆ, ಕೊಡ, ಹರಿವಾಣ ಸೇರಿ ಹಿತ್ತಾಳೆ ಸುಮಾರು ಅರವತ್ತು ಕಿಲೋ. ಎದೆಮಟ್ಟದ ದೀಪದ ಕಂಬ ಒಂದು ಜೊತೆ. ಬಿಳಿ ಆನೆ, ಬಳ್ಳಿ ಕೂರಿಸಿದ ಬೀಟೆ ಮೇಜು. ನಡುಮನೆಯ ಗೋಡೆಯಲ್ಲಿ ಲಕ್ಷ್ಮಿ, ಸರಸ್ವತಿ ಪಟ, ಅಂಚಿನಲ್ಲಿ ಇಂಗ್ಲಿಷಿನಲ್ಲಿ ಪ್ರೆಸ್ಸಿನ ಹೆಸರಿದೆ. ಒಂದು ಡಬ್ಬಿ ವಿಕ್ಟೋರಿಯಾ, ಜಾರ್ಜ್ ರೂಪಾಯಿ. ಎಪ್ಪತ್ತು ಗ್ರಾಮಫೋನ್ ಪ್ಲೇಟು. ಬೆಳ್ಳಿ ಪೂಜಾ ಸಾಮಾನು. ಜರಿ ಸೀರೆ ಎಂಟು. ಅಟ್ಟದಲ್ಲಿ ತಾಳೆಗರಿ ಕಟ್ಟು ಎರಡು, ಜಗುಲಿಯಲ್ಲಿ ಜಿಂಕೆ ಕೊಂಬು.

ಹಳೇ ಸಾಮಾನಿನವರೊಬ್ಬರು ನೋಡಿ ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳಿದ್ದಾರೆ, ಒಂದೇ ದಿನದಲ್ಲಿ ಖಾಲಿ ಮಾಡಿಕೊಡುತ್ತಾರಂತೆ. ಒಪ್ಪಬಹುದೆ? ಮಾರುವ ಮುಂಚೆ ಹುಣಸೆಹಣ್ಣು ಹಾಕಿ ಬೆಳಗಬೇಕೆ? ಮೇಜನ್ನು ಅಮೆರಿಕದಲ್ಲಿರುವ ತಮ್ಮ ಕೇಳುತ್ತಿದ್ದಾನೆ, ಕಳಿಸಬಹುದೆ? ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಅನ್ನುವ ಜಾಹೀರಾತುಗಳಲ್ಲಿ ನಿಜ ಎಷ್ಟು?


ಕಲಾಯಿ ಬಟ್ಟಲು:

ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಹಾಗೆ ಬೆಲೆ ಹೇಳುವವರು ಕಣ್ಣಳತೆಯಲ್ಲೇ ತಾಮ್ರ, ಹಿತ್ತಾಳೆಯ ತೂಕ ಹಿಡಿದಿರುತ್ತಾರೆ. ಅದರಲ್ಲೂ ಅರ್ಧಕ್ಕೆ ಲೆಕ್ಕ ಹಾಕಿ ಹೇಳುತ್ತಾರೆ. ಮೇಜು, ಪಟ, ನಾಣ್ಯವೆಲ್ಲ ಅವರಿಗೆ ಪುಕ್ಕಟೆ ಬಂದ ಹಾಗೆ.

ಜನ ಮೊದಲು ಪಾತ್ರೆ ಸಾಗಹಾಕಿ ಆಮೇಲೆ ಮೇಜು, ಪಟದ ಕಡೆ ತಿರುಗುತ್ತಾರೆ. ಅದು ತಲೆಕೆಳಗು. ಪಾತ್ರೆಯನ್ನು ಯಾವ ದಿನ ಬೇಕಾದರೂ ಎರಡು ಗಂಟೆಯಲ್ಲಿ ಮಾರಬಹುದು, ಅದಕ್ಕೆ ಪೇಟೆ ದರ ಅಂತ ಒಂದಿದೆ. ಮೇಜು, ಪಟ, ಪ್ಲೇಟಿಗೆ ಸರಿಯಾದ ಗಿರಾಕಿ ಸಿಗಲು ಐದಾರು ವಾರ ಬೇಕು. ಆದ್ದರಿಂದ ಅವನ್ನು ಈಗಲೇ ಶುರುಮಾಡಿ, ಲೋಹವನ್ನು ಒಂಬತ್ತನೇ ವಾರಕ್ಕೆ ಇಟ್ಟುಕೊಳ್ಳಿ.

ಪಾತ್ರೆಯನ್ನು ಮೊದಲು ಮನೆಯಲ್ಲೇ ನಾಲ್ಕು ಗುಡ್ಡೆ ಮಾಡಿ: ತಾಮ್ರ, ಹಿತ್ತಾಳೆ, ಕಂಚು, ಬೇರೆ. ಕಂಚನ್ನು ಹಿತ್ತಾಳೆ ಗುಡ್ಡೆಗೆ ಸೇರಿಸಿ ತೂಗಿಬಿಡುವುದೇ ಅಂಗಡಿಯಲ್ಲಿ ಆಗುವ ದೊಡ್ಡ ನಷ್ಟ. ಕಂಚಿನಲ್ಲಿ ತವರ ಐದರಲ್ಲೊಂದು ಪಾಲಿಗಿಂತ ಹೆಚ್ಚಿರುತ್ತದೆ, ದರವೂ ಹೆಚ್ಚು. ಬಟ್ಟಲನ್ನು ಅಂಗೈ ಮೇಲಿಟ್ಟು ಬೆರಳಿನಿಂದ ತಟ್ಟಿ: ಕಂಚಾದರೆ ನಾದ ಎಳೆದುಕೊಂಡು ಹೋಗುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಬೀಳಿಸಬೇಡಿ, ಕಂಚು ಗಾಜಿನ ಹಾಗೆ ಸೀಳುತ್ತದೆ. ತಳದಲ್ಲಿ ಸಣ್ಣ ಅರದಿಂದ ಒಂದು ಗೀರು ಎಳೆದರೆ ಬಣ್ಣ ತಿಳಿಯುತ್ತದೆ: ತಾಮ್ರ ಕೆಂಪು, ಹಿತ್ತಾಳೆ ಹಳದಿ. ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣ ಇದೆ ಎಂದರ್ಥ.

ಕಳೆಯುವ ಬಾಬ್ತುಗಳು ಮೊದಲೇ ಗೊತ್ತಿರಲಿ. ಒಳಗೆ ಕಲಾಯಿ (ತವರದ ಲೇಪ) ಇರುವ ತಾಮ್ರಕ್ಕೆ ಚೊಕ್ಕ ತಾಮ್ರದ ದರ ಕೊಡುವುದಿಲ್ಲ, ಅದು ನ್ಯಾಯವೇ. ಹಂಡೆಯ ತಳದ ಮಸಿ, ಸುಣ್ಣದ ಹಕ್ಕಳೆ ತೂಕದಲ್ಲಿ ಕಳೆಯುತ್ತಾರೆ. ನೀವೇ ಕೆರೆದು ತೆಗೆದರೆ ಅಂದಾಜಿನ ಕಳೆತ ತಪ್ಪುತ್ತದೆ. ಕಬ್ಬಿಣದ ಹಿಡಿ, ಬಳೆ ಇದ್ದರೆ ಬಿಚ್ಚಿಸಿ ತೂಗಿಸಿ. ಸೀಸ ಹಾಕಿ ತೇಪೆ ಹಚ್ಚಿದ ತಳವನ್ನು ಬೇರೆ ಇಡಿ, ಅದೊಂದಕ್ಕಾಗಿ ಇಡೀ ಗುಡ್ಡೆಯ ದರ ಇಳಿಸುತ್ತಾರೆ. ಐವತ್ತು ಕಿಲೋ ಹಿಡಿಯುವ ನೇತು ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲೇ ತೂಗಿ ಬರೆದಿಟ್ಟು, ಒಂದೇ ದಿನ ಮೂರು ಪಾತ್ರೆ ಅಂಗಡಿಗೆ ಫೋನ್ ಮಾಡಿ ಮೂರೂ ಲೋಹದ ದರ ಬೇರೆಬೇರೆಯಾಗಿ ಕೇಳಿ. "ಹೊಸ ಪಾತ್ರೆ ತಗೊಂಡ್ರೆ ಹಳೇದಕ್ಕೆ ಜಾಸ್ತಿ ಹಾಕ್ತೀವಿ" ಅನ್ನುವವರು ಹೊಸದರ ಮಜೂರಿಯಲ್ಲಿ ಅದನ್ನು ವಸೂಲು ಮಾಡುತ್ತಾರೆ. ಪಾತ್ರೆ ಕಡಿಮೆ ಮಾಡಲು ಹೊರಟವರಿಗೆ ಹೊಸ ಪಾತ್ರೆ ಯಾಕೆ ಅನ್ನುವುದು ಬೇರೆ ಮಾತು.

ಬೆಳಗುವ ವಿಚಾರ. ತೂಕಕ್ಕೆ ಹೋಗುವುದನ್ನು ಬೆಳಗಿದರೆ ದಂಡದ ಕೆಲಸ. ಕಲೆಯ ಬೆಲೆಗೆ ಹೋಗುವುದನ್ನು ಬೆಳಗಿದರೆ ಬೆಲೆಯೇ ಇಳಿಯುತ್ತದೆ, ಯಾಕೆಂದರೆ ಆ ಕಂದು ಪದರವನ್ನು ನೋಡಿಯೇ ಹಳೇದೋ ಹೊಸದೋ ಅಂತ ಗುರುತು ಹಿಡಿಯುವುದು. ದೀಪದ ಕಂಬ, ವೀಳ್ಯದ ಪೆಟ್ಟಿಗೆ, ಗಿಂಡಿ, ಸೇರು, ಪಾವು ಇವನ್ನು ಸೀಗೆ ನೀರಲ್ಲಿ ಜಿಡ್ಡು ತೆಗೆದು ಒರೆಸಿ ಒಣಗಿಸಿದರೆ ಸಾಕು. ಹಸಿರು ಕಿಲುಬನ್ನು ಒಣ ಬ್ರಷ್‌ನಿಂದ ಉಜ್ಜಿ. ಬಿದರಿ ಸಾಮಾನು ಇದ್ದರೆ ಹುಣಸೆಹಣ್ಣು ಸೋಕಿಸಲೇಬೇಡಿ; ಸತುವಿನ ಮೇಲಿನ ಕಪ್ಪು ಹೋಗಿ ಬೂದು ತಗಡಾಗುತ್ತದೆ.

ಪಾತ್ರೆಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರನ್ನು ನಾಚಿಕೆ ಅಂದುಕೊಂಡು ಅರ ಹಾಕಿ ಅಳಿಸುವವರಿದ್ದಾರೆ. ಬೇಡ. ಊರು, ಮದುವೆಯ ಇಸವಿ ಕೊರೆದಿದ್ದರೆ ಸಂಗ್ರಹಕಾರರಿಗೆ ಅದೇ ದಾಖಲೆ.


ಬೀಟೆಕಾಲು:

ಮೇಜಿನ ಬಗ್ಗೆ. ಮಾರಾಟದ ಜಾಹೀರಾತು ಹಾಕುವ ಮುಂಚೆ ಆ ಬಿಳಿ ಕುಸುರಿ ಏನು ಅಂತ ತಿಳಿಯಬೇಕು. ಮೈಸೂರಿನ ಹಳೇ ಬೀಟೆ ಕುಸುರಿಯಲ್ಲಿ ದಂತವೇ ಹೆಚ್ಚು, ಈಚಿನದರಲ್ಲಿ ಪ್ಲಾಸ್ಟಿಕ್. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ಆನೆಯ ಬೆನ್ನಿನಂಥ ಅಗಲ ಜಾಗ ನೋಡಿ. ದಂತದಲ್ಲಿ ಸಣ್ಣ ಅಲೆಯಂಥ ಎಳೆಗಳು, ಅಡ್ಡ ಕೊಯ್ದ ತುಂಡಾದರೆ ಬಲೆಯ ಹಾಗೆ ಒಂದನ್ನೊಂದು ದಾಟುವ ಗೆರೆಗಳು ಕಾಣುತ್ತವೆ. ಮೂಳೆಯಾದರೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು. ಪ್ಲಾಸ್ಟಿಕ್ ಒಂದೇ ಸಮ, ಅಲ್ಲಲ್ಲಿ ಗುಳ್ಳೆ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅನ್ನುವ ಸಲಹೆ ಕೇಳಬೇಡಿ, ಯಾವುದೇ ಆದರೂ ಕಲೆ ಉಳಿಯುತ್ತದೆ.

ದಂತವಾದರೆ ಮಾರುವಂತಿಲ್ಲ. "ತಾತನ ಕಾಲದ್ದು" ಅನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ನಡೆಯುವುದಿಲ್ಲ. ಜಿಂಕೆ ಕೊಂಬಿಗೂ ಇದೇ ಮಾತು. ಒಡೆತನದ ಪ್ರಮಾಣಪತ್ರ ಇದ್ದರೆ ವಾರಸುದಾರಿಕೆಯಲ್ಲಿ ಮನೆಯವರಿಗೆ ಹೋಗಬಹುದು. ಹಾಗೆ ಬಂದವರು 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಪತ್ರವೇ ಇಲ್ಲದಿದ್ದರೆ ಕೊಂಬನ್ನು ಲಾರಿಗೆ ಹಾಕುವ ಮುಂಚೆ ಅರಣ್ಯ ಇಲಾಖೆಗೆ ಬರೆದು ಕೇಳಿ. ರಸ್ತೆಯಲ್ಲಿ ಸಿಕ್ಕಿಬಿದ್ದ ಮೇಲೆ ವಿವರಣೆ ಕೊಡುವುದು ಕಷ್ಟ. ಮನೆಯಲ್ಲಿ ಗಂಧದ ಕೊರಡು ಇದ್ದರೂ ಮೊದಲು ಅಲ್ಲೇ ವಿಚಾರಿಸಿ.

ಅಮೆರಿಕಕ್ಕೆ ಕಳಿಸುವ ಆಸೆ ಬಿಡುವುದು ವಾಸಿ. ದಂತ ಇದ್ದರೆ ಪ್ರಶ್ನೆಯೇ ಇಲ್ಲ. ಇಲ್ಲದಿದ್ದರೂ ಬೀಟೆಯ ಇಡೀ ಕುಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ, ಇಡೀ ಮೇಜಿನಷ್ಟು ತೂಕದ ಸಾಮಾನಿಗೆ ಪರವಾನಗಿ ಬೇಕಾಗುತ್ತದೆ. ಅದರ ಮೇಲೆ, ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ದಾಟಿಲ್ಲ ಅನ್ನುವುದಾದರೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ "ಪುರಾತನ ವಸ್ತು ಅಲ್ಲ" ಎಂಬ ಪತ್ರ ತರಬೇಕು.

ಕುಸುರಿ ಪ್ಲಾಸ್ಟಿಕ್ ಅಂತಾದರೆ ಧಾರಾಳವಾಗಿ ಇಲ್ಲೇ ಮಾರಿ. ಫೋಟೋ ಐದು ಬೇಕು: ಇಡೀ ಮೇಜು, ಮೇಲ್ಮೈ ನೇರವಾಗಿ, ಕಾಲಿನ ಕೂಡು, ಅಡಿಭಾಗ, ಎದ್ದುಹೋದ ಕುಸುರಿ. ಗಿರಾಕಿ ಮೊದಲು ಕೇಳುವುದು ಅಡಿಭಾಗವನ್ನೇ. ಹಳೇ ಕೆಲಸವಾದರೆ ಕೂಡುಗಳು ಗೂಟ ಹೊಡೆದು ಮಾಡಿದವು, ಅಡಿಯ ಮರ ಒರಟು. ಪ್ಲೈವುಡ್ ಕಂಡರೆ ಮೇಲಿರುವುದು ಬರೀ ಬೀಟೆ ಸಿಪ್ಪೆ. ವಾರ್ನಿಷ್ ಹೊಡೆಸಬೇಡಿ. ಬಿದ್ದ ಕುಸುರಿ ತುಂಡುಗಳನ್ನು ಲಕೋಟೆಗೆ ಹಾಕಿ ಮೇಜಿನ ಅಡಿಗೆ ಅಂಟಿಸಿಡಿ, ಫೆವಿಕಾಲ್ ಹಾಕಿ ನೀವೇ ಕೂರಿಸಲು ಹೋಗಬೇಡಿ.

ಪಟದ ಅಂಚಿನಲ್ಲಿ ರವಿವರ್ಮ ಪ್ರೆಸ್ ಅಂತ ಇದೆಯೆ? ಅದೊಂದೇ ಸಾಲದು, ಅಂಚಿನ ಅಕ್ಷರದ ಸಮೇತ ನಕಲು ಬಂದಿವೆ. ಅದೇ ಮಸೂರವನ್ನು ದೇವಿಯ ಕೆನ್ನೆಯ ಮೇಲಿಡಿ. ಕಲ್ಲಚ್ಚಿನ ಹಳೇ ಮುದ್ರಣದಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿ, ಒಂದರ ಮೇಲೊಂದು ಬೇರೆಬೇರೆ ಬಣ್ಣ, ಗಾತ್ರದಲ್ಲೂ ಹೆಚ್ಚುಕಡಿಮೆ. ಈಗಿನ ಆಫ್‌ಸೆಟ್‌ನಲ್ಲಿ ಚುಕ್ಕೆಗಳು ಸಾಲಾಗಿ ನಿಂತು ಪುಟ್ಟ ಪುಟ್ಟ ಹೂವಿನ ಆಕಾರ ಕಟ್ಟುತ್ತವೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಚೌಕಟ್ಟಿಗೆ ಹೊಂದಲಿ ಅಂತ ಬಿಳಿ ಅಂಚನ್ನು ಕತ್ತರಿಸಿದ ಪಟಕ್ಕೆ ಬೆಲೆ ಬಹಳ ಬೀಳುತ್ತದೆ. ಕಾಗದ ಗಾಜಿಗೆ ಅಂಟಿದ್ದರೆ ಬಿಡಿಸಬೇಡಿ, ಬಣ್ಣ ಗಾಜಿನ ಜೊತೆಗೇ ಬರುತ್ತದೆ. ಗಾಜಿನ ಸಮೇತ ಮಾರಿ. ಸೀರೆಗೆ ಜರಿ, ಮಣಿ ಹೊಲಿದಿದ್ದರೆ ಅದು ಹಾಳಾದ ಪಟವಲ್ಲ, ಆ ಕಾಲದ ಮನೆಯ ಹೆಣ್ಣುಮಕ್ಕಳ ಕೈಗೆಲಸ. ಅದಕ್ಕೇ ಬೇರೆ ಗಿರಾಕಿಗಳಿದ್ದಾರೆ.


ತೊಟ್ಟಿಮನೆ:

ಮಸೂರ ತರಿಸಿ ನೋಡಿದೆವು. ಲಕ್ಷ್ಮಿಯ ಚುಕ್ಕೆ ಚೆಲ್ಲಾಪಿಲ್ಲಿ, ಸರಸ್ವತಿಯದು ಸಾಲಾಗಿ ಹೂವಿನ ಹಾಗೆ. ಮೇಜಿನಲ್ಲಿ ಎಳೆಗಳು ಕಂಡವು, ಅದನ್ನು ಮಾರಾಟದಿಂದ ತೆಗೆದಿದ್ದೇವೆ. ನಾಣ್ಯ, ತಾಳೆಗರಿ, ಪ್ಲೇಟಿನ ಬಗ್ಗೆ ತಿಳಿದವರು ಹೇಳಿ. ದೇವರ ಮನೆಯ ಪಂಚಲೋಹದ ವಿಗ್ರಹ ಎರಡಿವೆ, ಅದನ್ನೂ.


ಮುಕ್ಕಾಲು ಕಾಸು:

ಆ ಜಾಹೀರಾತುಗಳೆಲ್ಲ ಮೋಸ. ವೈಷ್ಣೋದೇವಿ ನಾಣ್ಯ, ಟ್ರಾಕ್ಟರ್ ಚಿತ್ರದ 5 ರೂಪಾಯಿ ನೋಟು ಅಂತೆಲ್ಲ ಹೇಳಿ ಕೊನೆಗೆ "ನೋಂದಣಿ ಶುಲ್ಕ", "ಜಿಎಸ್‌ಟಿ" ಹೆಸರಲ್ಲಿ ನಿಮ್ಮಿಂದಲೇ ದುಡ್ಡು ಕೀಳುತ್ತಾರೆ. ರಿಸರ್ವ್ ಬ್ಯಾಂಕ್ ಹೆಸರು ಬಳಸಿದ್ದಕ್ಕೆ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಮಾರುವವರು ಮುಂಗಡ ಕೊಡುವ ವ್ಯಾಪಾರ ಎಲ್ಲೂ ಇಲ್ಲ.

ಡಬ್ಬಿಯ ರೂಪಾಯಿಗಳನ್ನು ಇಸವಿ ನೋಡಿ ಬೇರೆ ಮಾಡಿ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿ 11.66 ಗ್ರಾಂ, ಬೆಳ್ಳಿ 91.7 ಶೇಕಡಾ. ಅಂದರೆ ಒಂದರಲ್ಲಿ 10.69 ಗ್ರಾಂ ಚೊಕ್ಕ ಬೆಳ್ಳಿ, ಸವೆದಿದ್ದರೆ ಸ್ವಲ್ಪ ಕಡಿಮೆ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧವೇ. 1947ರದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಖೋಟಾ ಅಂತ ಬಿಸಾಡಬೇಡಿ, ಬೆಳ್ಳಿ ಅಂತ ಆಸೆಯನ್ನೂ ಪಡಬೇಡಿ. ಬೆಳ್ಳಿ ಅಂಗಡಿಯಲ್ಲಿ ಮೂರನ್ನೂ ಬೆರೆಸಿ ಕೊಟ್ಟರೆ ಎಲ್ಲಕ್ಕೂ ಕಡಿಮೆ ಮಚ್ಚದ (ಶುದ್ಧತೆಯ) ದರ ಹಾಕುತ್ತಾರೆ.

ಬೆಳ್ಳಿಯ ತೂಕಕ್ಕಿಂತ ಹೆಚ್ಚು ಬೆಲೆ ಬಾಳುವುದು ಕೆಲವೇ. 1911ರ ರೂಪಾಯಿ ಒಂದು. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಹಿಂದಕ್ಕೆ ತೆಗೆದುಕೊಂಡರು, 1912ರಲ್ಲಿ ಚಿತ್ರ ತಿದ್ದಿದರು. ಇನ್ನೊಂದು 1939ರದು. ಇದಕ್ಕೆ ಖೋಟಾ ವಿಪರೀತ, 1938ರ ಕೊನೆಯ ಅಂಕೆ ತಿದ್ದಿದ್ದೇ ಎಷ್ಟೋ. ಆದ್ದರಿಂದ 1939 ಸಿಕ್ಕಿದರೆ ಮೊದಲು ತೂಗಿ, ಆಮೇಲೆ 9ರ ಸುತ್ತ ಕೆರೆದ ಗುರುತು ಇದೆಯೆ ನೋಡಿ, ಕೊನೆಗೆ ನಾಣ್ಯ ಮೇಳದಲ್ಲಿ ಇಬ್ಬರು ವ್ಯಾಪಾರಿಗಳಿಗೆ ಬೇರೆಬೇರೆಯಾಗಿ ತೋರಿಸಿ. ಟಿಪ್ಪುವಿನ ಆನೆ ಕಾಸು ಇದ್ದರೂ ಹೀಗೇ ಅನುಮಾನದಿಂದ ನೋಡಿ, ಪ್ರವಾಸಿಗಳಿಗೆ ಮಾರುವ ನಕಲು ರಾಶಿಯಿದೆ.

ನಾಣ್ಯ ತೊಳೆಯಬೇಡಿ. ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದ ನಾಣ್ಯವನ್ನು ಸಂಗ್ರಹಕಾರ ಮುಟ್ಟುವುದಿಲ್ಲ, ಅದು ಬರೀ ಬೆಳ್ಳಿಯ ದರಕ್ಕೆ ಹೋಗುತ್ತದೆ. ಮೆತ್ತನೆ ಪ್ಲಾಸ್ಟಿಕ್ ವಾಸನೆ ಬರುವ ಆಲ್ಬಮ್ಮಿನಲ್ಲೂ ಇಡಬೇಡಿ, ವರ್ಷದಲ್ಲಿ ಹಸಿರು ಜಿಗುಟು ಹತ್ತುತ್ತದೆ.

ಬೆಳ್ಳಿ ಪೂಜಾ ಸಾಮಾನಿಗೂ ಒಂದು ಮಾತು. ದೀಪದ ಕಾಲು, ಪನ್ನೀರುದಾನಿಯ ಬುಡದಲ್ಲಿ ಅರಗು ತುಂಬಿರುತ್ತದೆ, ಅದನ್ನು ಮೊದಲೇ ಹೇಳಿ ತೆಗೆಸಿ ತೂಗಿಸಿ. ಅಂಗಡಿಯ ಎಕ್ಸ್‌ರೇ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ. ಮಚ್ಚದ ಬಗ್ಗೆ ಜಗಳ ಬಂದರೆ ಕಣ್ಣೆದುರೇ ಕರಗಿಸಿ, ಮುಂಚಿನ ತೂಕ, ಗಟ್ಟಿಯ ತೂಕ ಎರಡನ್ನೂ ಚೀಟಿಯಲ್ಲಿ ಬರೆಸಿ. ಒಳ್ಳೇ ಕೆತ್ತನೆ ಇರುವುದನ್ನು ಮಾತ್ರ ಕರಗಿಸಲು ಬಿಡಬೇಡಿ.


ಅರಗಿನ ತಟ್ಟೆ:

ಪ್ಲೇಟು 78 ವೇಗದ್ದಾದರೆ (ನಿಮಿಷಕ್ಕೆ 78 ಸುತ್ತು) ಅದರಲ್ಲಿರುವುದು ಅರಗು. ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಿದರೆ ಗೆರೆಗಳೇ ಕರಗಿ ಹೋಗುತ್ತವೆ. ಒಣ ಮೆತ್ತನೆ ಬ್ರಷ್ ಸಾಕು. ನಡುವಿನ ತೂತಿಗೆ ಬೆರಳು ಹಾಕಿ ತೂಗಿಸಿ ಅಂಚನ್ನು ಉಗುರಿನಿಂದ ಮೀಟಿ: ಬಿರುಕಿದ್ದರೆ ಮೊಂಡು ಸದ್ದು. ಜಾಹೀರಾತಿಗೆ ಎರಡೂ ಬದಿಯ ಲೇಬಲ್ಲಿನ ಫೋಟೋ ಬೇಕು, ಸಂಖ್ಯೆ ಓದುವ ಹಾಗೆ. ಸಿನಿಮಾ ಹಾಡಿನ ಮಾಮೂಲು ಪ್ಲೇಟಿಗೆ ಕಾಸಿಲ್ಲ. ಹಳೇ ಕನ್ನಡ ನಾಟಕದ ಹಾಡು, ದೇವರನಾಮ, ವೀಣೆ ಇದ್ದರೆ ಹುಡುಕುವವರಿದ್ದಾರೆ. ಅವನ್ನು ಎಪ್ಪತ್ತರ ಕಟ್ಟಿನಿಂದ ಬೇರೆ ತೆಗೆಯಿರಿ. ಸಾಗಿಸುವಾಗ ಮಲಗಿಸಬೇಡಿ, ನಿಲ್ಲಿಸಿ. ಒಂದು ರಟ್ಟಿನ ಪೆಟ್ಟಿಗೆಗೆ ಇಪ್ಪತ್ತಕ್ಕಿಂತ ಹೆಚ್ಚು ಬೇಡ, ಎರಡು ತುದಿಗೂ ದಪ್ಪ ರಟ್ಟು ಕೊಡಿ.

ತಾಳೆಗರಿಯನ್ನು ಮಾರುವ ಯೋಚನೆ ಬೇಡ. 75 ವರ್ಷ ದಾಟಿದ ಹಸ್ತಪ್ರತಿಗೆ ಮೌಲ್ಯವಿದ್ದರೆ ಅದು ಕಾನೂನಿನ ಪ್ರಕಾರ ಪುರಾತನ ವಸ್ತು. ಬೇರೆಯದಕ್ಕೆ ನೂರು ವರ್ಷ. ಮೈಸೂರಲ್ಲೇ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, 1891ರಿಂದ. ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾದದ್ದು ಅಲ್ಲಿನ ಗರಿಗಳಿಂದ. ಮೊದಲು ಅಲ್ಲಿ ತೋರಿಸಿ ಏನು ಗ್ರಂಥ ಅಂತ ಓದಿಸಿ. ಕಟ್ಟಿನ ದಾರ ಬಿಚ್ಚಬೇಡಿ, ಗರಿಗಳ ಕ್ರಮ ತಪ್ಪಿದರೆ ಸರಿಮಾಡಲು ತಿಂಗಳು ಬೇಕು. ಎಣ್ಣೆಯನ್ನೂ ಹಚ್ಚಬೇಡಿ, ಅದು ಅವರ ಕೆಲಸ.

ವಿಗ್ರಹ ನೂರು ವರ್ಷದ್ದಿರಬಹುದು ಅನ್ನಿಸಿದರೆ ಪುರಾತತ್ತ್ವ ಇಲಾಖೆಯ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಬೇಕು. ಆಮೇಲೆ ಕೈ ಬದಲಾದರೂ ತಿಳಿಸಬೇಕು. ಪರವಾನಗಿ ಇಲ್ಲದ ವ್ಯಾಪಾರಿ ಮನೆಗೆ ಬಂದು "ದೇವರು ಎಷ್ಟಕ್ಕೆ" ಅಂದರೆ ಬಾಗಿಲಿಂದಲೇ ಕಳಿಸಿ.


ಸೆರಗು:

ಸೀರೆ ವಿಚಾರ ಯಾರೂ ಹೇಳಲಿಲ್ಲ. ಬೀದಿಯಲ್ಲಿ "ಹಳೇ ಜರಿ ಸೀರೆ" ಅಂತ ಕೂಗಿಕೊಂಡು ಬರುವವರಿಗೆ ಕೊಡ್ಬೇಡಿ, ಅವರು ಹೇಳೋದು ಬಾಯಿಗೆ ಬಂದ ರೇಟು. ಸೆರಗಿನ ಒಳಮಗ್ಗುಲಿಂದ ಒಂದೇ ಎಳೆ ಜರಿ ಎಳೆದು ಉಗುರಲ್ಲಿ ಸುಲೀರಿ. ಒಳಗೆ ಕೆಂಪು ಅಥವಾ ಕೇಸರಿ ರೇಷ್ಮೆ ಕಂಡ್ರೆ ಬೆಳ್ಳಿ ಜರಿ ಇರಬಹುದು, ಬಿಳಿ ನೂಲು ಕಂಡ್ರೆ ತಾಮ್ರದ ನಕಲಿ. ಬಣ್ಣ ಒಂದನ್ನೇ ನಂಬ್ಬೇಡಿ, ಜರಿ ಕೊಳ್ಳೋ ಅಂಗಡೀಲಿ ಮಚ್ಚ ನೋಡಿಸಿ. ಕೆಎಸ್‌ಐಸಿ (ಸರ್ಕಾರಿ ರೇಷ್ಮೆ ನಿಗಮ) ಮೈಸೂರು ಸಿಲ್ಕ್ ಜರೀಲಿ ಬೆಳ್ಳಿ 65 ಶೇಕಡಾ, ಚಿನ್ನ 0.65. ಸೀರೆ ಒಡಲು ಗಟ್ಟಿ ಇದ್ರೆ ಅಂಚು ಕತ್ತರಿಸೋ ಮುಂಚೆ ಸೀರೆ ಆಗೇ ಮಾರೋಕ್ಕೆ ನೋಡಿ. ಮಡಿಕೇಲಿ ಹಿಡಿದು ಬೆಳಕಿಗೆ ಒಡ್ಡಿದ್ರೆ ಎಲ್ಲಿ ಸೀಳಿದೆ ಅಂತ ಕಾಣುತ್ತೆ.


ಲೆಕ್ಕದ ಪುಸ್ತಕ:

ಹಣದ ಮಾತು ಬೇಗ ಮುಗಿಸುತ್ತೇನೆ. ಮನೆಬಳಕೆಯ ಪಾತ್ರೆ, ಪೀಠೋಪಕರಣ ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆಭರಣ, ವರ್ಣಚಿತ್ರ, ಶಿಲ್ಪ, ಕಲಾಕೃತಿ, ಪುರಾತನ ಸಂಗ್ರಹಕ್ಕೆ ಇದೆ. 2001ಕ್ಕೂ ಮುಂಚಿನಿಂದ ಮನೆಯಲ್ಲಿರುವ ಪಿತ್ರಾರ್ಜಿತವಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲು ಅಂತ ಹಿಡಿಯಬಹುದು, ಅದಕ್ಕೆ ಮೌಲ್ಯಮಾಪಕರ ಪತ್ರ ಮಾಡಿಸಿಡಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ.

ಆನ್‌ಲೈನ್ ಗಿರಾಕಿ ನೋಡದೆಯೇ "ಓಕೆ, ಸೈನ್ಯದಲ್ಲಿದ್ದೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ" ಅಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಬರಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ.

ಅಣ್ಣತಮ್ಮ, ಅಕ್ಕತಂಗಿಯರ ಲೆಕ್ಕ ಮಾರುವ ಮುಂಚೆಯೇ ಆಗಲಿ. ಪ್ರತಿ ವಸ್ತುವಿಗೂ ಸಂಖ್ಯೆಯ ಚೀಟಿ, ಫೋಟೋ, ತೂಕ. ಪಟ್ಟಿ ಎಲ್ಲರಿಗೂ ಕಳಿಸಿ, ಸರದಿಯಲ್ಲಿ ಒಂದೊಂದು ಆರಿಸಿಕೊಳ್ಳಲಿ. ಆರಿಸಿಕೊಂಡದ್ದಕ್ಕೆ ಆ ದಿನದ ಲೋಹದ ದರ ಕಟ್ಟಿ ಅವರ ಪಾಲಿನಲ್ಲಿ ಕಳೆಯಿರಿ. ಒಂದೇ ವಸ್ತುವಿಗೆ ಇಬ್ಬರು ಬಂದರೆ ಚೀಟಿ ಎತ್ತಿ. ಜೊತೆ ದೀಪದ ಕಂಬವನ್ನು ಮಾತ್ರ ಇಬ್ಬರಿಗೆ ಒಂದೊಂದು ಅಂತ ಹಂಚಬೇಡಿ, ಜೊತೆ ಒಡೆದರೆ ಎರಡೂ ಒಂಟಿಯ ಬೆಲೆಗೆ ಇಳಿಯುತ್ತವೆ.


ತೊಟ್ಟಿಮನೆ:

ಎಲ್ಲರಿಗೂ ವಂದನೆ. ಕಂಬದ ಜೊತೆ ಅಕ್ಕನ ಪಾಲಿಗೆ ಹೋಯಿತು. ಸಾಗಿಸಲು ಬಿಚ್ಚಬೇಕು, ಒಂದರ ನಡುವಿನ ತಿರುಪು ಅಲ್ಲಾಡುತ್ತಿಲ್ಲ. ಪೈಪು ಬಿಚ್ಚುವ ಸ್ಪ್ಯಾನರ್ ಹಾಕಬಹುದೆ?


ಕಲಾಯಿ ಬಟ್ಟಲು:

ಹಾಕಬೇಡಿ, ಹಲ್ಲಿನ ಗುರುತು ಹಿತ್ತಾಳೆಯಲ್ಲಿ ಶಾಶ್ವತ. ಅಂಟಿಕೊಂಡಿರುವುದು ವರ್ಷಾನುಗಟ್ಟಲೆ ಇಳಿದ ದೀಪದ ಎಣ್ಣೆ, ಗೋಂದಿನ ಹಾಗೆ ಗಟ್ಟಿಯಾಗಿರುತ್ತದೆ. ಕಂಬ ಮಲಗಿಸಿ, ಕೂಡಿನ ಸುತ್ತ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒರೆಸಿ, ಎಣ್ಣೆಯ ವಾಸನೆ ಹೋದ ಮೇಲೆ ಮೇಲಿನ ಭಾಗಕ್ಕೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಹತ್ತು ನಿಮಿಷ ಸುತ್ತಿ. ಬೆಂಕಿ ಬೇಡ. ಆಮೇಲೆ ಇಬ್ಬರು ಎದುರುಬದುರು ಕೂತು, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕೈಯಲ್ಲೇ ತಿರುಗಿಸಿ. ಮೊದಲು ಒಂದು ಕೂದಲಷ್ಟು ಬಿಗಿ ಮಾಡುವ ದಿಕ್ಕಿಗೆ, ನಂತರ ಬಿಚ್ಚುವ ದಿಕ್ಕಿಗೆ. ಬಿಚ್ಚಿಕೊಂಡ ಮೇಲೆ ಎರಡು ಕಂಬದ ತುಂಡುಗಳನ್ನು ಬೆರೆಸಬೇಡಿ: ಕೈಯಲ್ಲಿ ಕಡೆದ ತಿರುಪು, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದರ ತುಂಡುಗಳಿಗೆಲ್ಲ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿಡಿ.